ಎರಡು ಕೈಯ ಉಪ್ಪು

ಒಂದು ಮಾತು ಹೇಳಬೇಕಿತ್ತು, ನಾನು ಹೇಳಲಿಲ್ಲ. "ಅಕ್ಕ, ಉಪ್ಪು ಹಾಕಿ ಆಗಿದೆ" ಅನ್ನುವಷ್ಟೇ ಮಾತು. ಅಕ್ಕ ಕಲ್ಲುಪ್ಪನ್ನು ಮುಷ್ಟಿಯಲ್ಲಿ ಹಿಡಿದು ಮಡಕೆಯ ಮುಂದೆ ನಿಂತಿದ್ದಳು. ನಾನು ಕೈಗೆಟುಕುವಷ್ಟು ಹತ್ತಿರದಲ್ಲೇ ಕೂತು ಕಡುಬಿಗೆ ಸೌತೆಕಾಯಿ ತುರಿಯುತ್ತಿದ್ದೆ. ಅವಳ ಮುಷ್ಟಿ ಬಿಚ್ಚಿದ್ದನ್ನು ನೋಡಿದೆ. ಉಪ್ಪು ಬಿದ್ದ ಸದ್ದನ್ನೂ ಕೇಳಿದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಕ್ಕನನ್ನು ಉಡುತಡಿಯಿಂದ ಸೊರಬದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಗಂಡನ ಮನೆಯಲ್ಲಿ ಅವಳಿಗೆ ಅದು ಮೊದಲ ಭೂಮಿ ಹುಣ್ಣಿಮೆ. ಆ ಹೊತ್ತಿಗೆ ಭತ್ತ ಹೊಡೆ ತುಂಬಿಕೊಂಡಿರುತ್ತದೆ, ತೆನೆ ಇನ್ನೂ ಒಳಗೇ ಇರುತ್ತದೆ. ಭೂಮಿ ಬಸುರಿ ಅಂತ ನಮ್ಮವರ ಲೆಕ್ಕ. ಬಸುರಿಯ ಬಯಕೆ ತೀರಿಸಲು ಅಡುಗೆ ಮಾಡಿ ಗದ್ದೆಗೆ ಒಯ್ದು ಬಡಿಸುತ್ತಾರೆ. ಆ ಅಡುಗೆಯಲ್ಲಿ ಮುಖ್ಯವಾದದ್ದು ಹಚ್ಚಂಬಲಿ. ಸಿಕ್ಕಿದ ಸೊಪ್ಪನ್ನೆಲ್ಲ ಅಕ್ಕಿಯ ಜೊತೆ ಒಂದೇ ಮಡಕೆಯಲ್ಲಿ ಬೇಯಿಸಿ, ಅಮಟೆಕಾಯಿಯ ಹುಳಿ ಹಾಕಿ ಮಾಡುವುದು. ಅಕ್ಕನ ಕೈಗೆ ಅತ್ತೆ ಆ ಮಡಕೆಯ ಸೌಟು ಕೊಟ್ಟಿದ್ದರು. ಹೊಸ ಸೊಸೆಗೆ ಮೊದಲ ವರ್ಷವೇ ಸೌಟು ಸಿಗುವುದೆಂದರೆ ಸಣ್ಣ ಮಾತಲ್ಲ. ಅವಳ ಸಹಾಯಕ್ಕೆ ಅಂತ ಅಪ್ಪ ನನ್ನನ್ನು ಕಳಿಸಿದ್ದ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಕಳಿಸಿದ ಕಡೆ ಹೋಗಲು ಯಾವಾಗಲೂ ತಯಾರು.

ಹಿಂದಿನ ದಿನವೆಲ್ಲ ಸೊಪ್ಪು ಕೊಯ್ದೆವು. ಕುಂಬಳದ ಕುಡಿ, ಹಾಗಲದ ಎಲೆ, ಹರಿವೆ, ತಗಟೆ, ನುಗ್ಗೆ, ಹೊನಗೊನ್ನೆ, ಕೆಸು. ಹೆಸರೇ ಗೊತ್ತಿಲ್ಲದ ಎಷ್ಟೋ ಎಲೆಗಳನ್ನು ಅಕ್ಕನ ಅತ್ತೆ ಬೇಲಿಯಿಂದ, ಬದುವಿನಿಂದ ಚಿವುಟಿ ನನ್ನ ಮಡಿಲಿಗೆ ಹಾಕುತ್ತಿದ್ದರು. ಒಂದೊಂದನ್ನೂ ಮೂಸಿ ನೋಡುತ್ತಿದ್ದೆ.

"ಏನೇ ಅದು, ದನದ ಕರುವಿನ ಹಂಗೆ ಮೂಸ್ತೀಯ?" ಅಂದರು ಅವರು. "ನಿಮ್ ಕಡೆ ಸೊಪ್ಪು ಕಂಡಿಲ್ವನೇ?"

"ಕಂಡೀವ್ರೀ. ಇಷ್ಟು ನಮೂನಿ ಕಂಡಿಲ್ರಿ."

"ನಮೂನಿಯಂತೆ! ಕೇಳ್ರೋ ಇವಳ ಮಾತ" ಅಂತ ನಕ್ಕರು. ನನ್ನ ಮಾತಿನ ರಾಗ ಅವರಿಗೆ ಎರಡು ದಿನವೂ ತಮಾಷೆಯಾಗಿತ್ತು.

ಕೆಸುವಿನ ಎಲೆ ಕೈಯಲ್ಲಿ ಹಿಡಿದು ಕೇಳಿದೆ, "ಇದು ಗಂಟಲು ತುರಿಸ್ತೈತಲ್ರೀ. ಹುಳಿ, ಉಪ್ಪು ಸಾಕೋ ಇಲ್ಲೋ ಹೆಂಗ ತಿಳಿತೈತಿ? ರುಚಿ ನೋಡಂಗಿಲ್ಲಲ್ಲ?"

ರುಚಿ ನೋಡುವ ಹಾಗಿರಲಿಲ್ಲ. ಭೂಮಿತಾಯಿಗೆ ಬಡಿಸುವ ಮೊದಲು ಯಾರ ನಾಲಿಗೆಯೂ ತಾಗಬಾರದು. ಅದು ನಮ್ಮ ಕಡೆಗೂ ಅವರ ಕಡೆಗೂ ಒಂದೇ ಕಟ್ಟುಪಾಡು.

"ಹಬೆ ಹೇಳ್ತೈತೆ" ಅಂದರು ಅವರು. "ಉಪ್ಪು ಬಿದ್ದ ಸೊಪ್ಪಿನ ಹಬೆ ಬ್ಯಾರೆ, ಬೀಳದ್ದು ಬ್ಯಾರೆ. ಮೂಗಿಗೆ ಗೊತ್ತಾಗ್ತೈತೆ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಉಪ್ಪಿಗೆ ವಾಸನೆ ಉಂಟೇ? ಅವತ್ತು ಸಂಜೆ ಯಾರಿಗೂ ಕಾಣದ ಹಾಗೆ ಉಪ್ಪಿನ ಮರಿಗೆಗೆ ಮೂಗಿಟ್ಟು ನೋಡಿದೆ. ಸೀನು ಬಂತು.

ಬೆಳಗಿನ ಜಾವಕ್ಕೆ ಅಕ್ಕ, ಅತ್ತೆ ಎದ್ದು ಮಿಂದು ಒಲೆ ಹಚ್ಚಿದರು. ಅತ್ತೆ ಮೊದಲೇ ಹೇಳಿದ್ದರು, "ಮಡಕೆಗೆ ಹೊರಗಿನೋರ ಕೈ ಬ್ಯಾಡ. ಈ ಮನೆ ಗದ್ದೆಗೆ ಈ ಮನೇದೇ ಕೈ." ನಾನು ಸೌತೆಕಾಯಿಯ ಕಡೆ ಕೂತೆ. ಅಕ್ಕ ಅಕ್ಕಿ ಹಾಕಿದಳು, ಸೊಪ್ಪು ಹಾಕಿದಳು. ಉಪ್ಪು ಹಾಕಲಿಲ್ಲ. ಕೊಡ ಎತ್ತಿಕೊಂಡು ನೀರಿಗೆ ಬಾವಿಯ ಕಡೆ ಹೋದಳು.

ನಮ್ಮ ಮನೆಯಲ್ಲಿ ಸೊಪ್ಪಿನ ಜೊತೆಗೇ ಉಪ್ಪು ಬೀಳುತ್ತದೆ. ಗಾಬರಿಯಲ್ಲಿ ಮರೆತಳು ಅಂದುಕೊಂಡೆ. ಸಪ್ಪೆಯಾದರೆ ಅವಳ ಮಾನ ಹೋಗುತ್ತದೆ ಅಂತ ಎದ್ದು ಒಂದು ಮುಷ್ಟಿ ಉಪ್ಪು ಹಾಕಿ ಮತ್ತೆ ಬಂದು ಕೂತೆ. ಆ ಮನೆಯ ಪದ್ಧತಿ ಬೇರೆ, ಅಲ್ಲಿ ಮಡಕೆ ಇಳಿಸುವ ಮುಂಚೆ ಉಪ್ಪು ಹಾಕುತ್ತಾರೆ, ಅಕ್ಕ ಅದನ್ನು ಕಲಿತುಕೊಂಡಿದ್ದಾಳೆ ಅಂತ ನನಗೆ ಗೊತ್ತಾದದ್ದು ಅವಳು ಮುಷ್ಟಿ ಹಿಡಿದು ನಿಂತಾಗ.

ಅತ್ತೆ ಬಾಗಿಲಲ್ಲೇ ಇದ್ದರು. ಹೇಳಿದರೆ ನಾನು ಮಡಕೆ ಮುಟ್ಟಿದ್ದು ತಿಳಿಯುತ್ತದೆ. ಆ ಹೆದರಿಕೆ ನಿಜ. ಆದರೆ ಅದೊಂದೇ ಅಲ್ಲ. ಈಗ ಮೂಗು ಏನು ಹೇಳುತ್ತದೆ ನೋಡೋಣ ಅನ್ನುವ ಕುತೂಹಲವೂ ಇತ್ತು. ಇವರಿಗೆ ಗೊತ್ತಾಗಿಯೇ ಆಗುತ್ತದೆ, ಇವರೇ ಹೇಳುತ್ತಾರೆ, ಇನ್ನೊಂದಿಷ್ಟು ಅಕ್ಕಿ ಬೇಯಿಸಿ ಸೇರಿಸುತ್ತಾರೆ, ನಾನು ಬಾಯಿ ಬಿಡಬೇಕಾಗಿಲ್ಲ ಅಂದುಕೊಂಡೆ.

ಅವರು ಬಂದು ಬಗ್ಗಿ, ಕಣ್ಣು ಮುಚ್ಚಿ, ಹಬೆ ಎಳೆದುಕೊಂಡರು. ನಾನು ತುರಿಯುವುದನ್ನು ನಿಲ್ಲಿಸಿದ್ದೆ.

"ಹದವಾಗೈತೆ" ಅಂದರು.

ಹಾಗಾದರೆ ಸರಿಯೇ ಇರಬಹುದು ಅಂತ ನಾನೂ ನಂಬಿದೆ. ನಂಬುವುದು ಸುಲಭವಾಗಿತ್ತು.

ಚಿತ್ತಾರ ಬರೆದ ಬುಟ್ಟಿಯಲ್ಲಿ ಎಲ್ಲ ಹೊತ್ತು ಗದ್ದೆಗೆ ಹೋದೆವು. ಪೈರಿಗೆ ಪೂಜೆಯಾಯಿತು. ಭಾವ ಹಚ್ಚಂಬಲಿ ತೆಗೆದುಕೊಂಡು, ಭೂಮಿತಾಯಿ ಬಂದು ಉಣ್ಣಲಿ ಅಂತ ಕೂಗುತ್ತಾ ಗದ್ದೆಯ ಸುತ್ತಲೂ ಎರಚಿದ. ಒಂದು ಕಡುಬನ್ನು ಮಣ್ಣಲ್ಲಿ ಹೂತರು. ಆಮೇಲೆ ನಾವು ಬದುವಿನ ಮೇಲೆ ಎಲೆ ಹಾಕಿಕೊಂಡು ಕೂತೆವು.

ಮೊದಲ ತುತ್ತು ಬಾಯಿಗಿಟ್ಟ ಅಕ್ಕನ ಮಾವ ನೀರಿನ ತಂಬಿಗೆ ಎತ್ತಿದರು. ಭಾವನಿಗೆ ನಗು ತಡೆಯಲಾಗಲಿಲ್ಲ. "ಗದ್ದೆಗೆ ನೀರು ಬಿಡ್ರೋ, ತಾಯಿಗೆ ಬಾಯಾರಿಕೆ ಆಗಿರ್ತೈತೆ!"

ಅತ್ತೆ ನಗಲಿಲ್ಲ. ಒಂದು ತುತ್ತು ತಿಂದು, ಪೈರಿನ ಕಡೆ ನೋಡಿದರು. ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ, ಭಯ. "ಬಸುರಿ ಬಾಯಿಗೆ ಉಪ್ಪು ಸುರಿದ್ಯಲ್ಲೇ" ಅಂದರು ಅಕ್ಕನಿಗೆ. "ಎಷ್ಟು ಹಾಕ್ದೆ?"

"ಒಂದೇ ಮುಷ್ಟಿ ಅತ್ತೆ."

"ಒಂದಕ್ಕೆ ಹಿಂಗಾಗ್ತೈತಾ?"

ಅಕ್ಕ ತನ್ನ ಅಂಗೈ ನೋಡಿಕೊಂಡಳು. ನಾನು ಉಪ್ಪು ಉಪ್ಪಾದ ಸೊಪ್ಪನ್ನು ಎಲೆಯಲ್ಲಿ ಒಂದು ಚೂರೂ ಬಿಡದೆ ತಿಂದೆ. ಅದೇ ಪ್ರಾಯಶ್ಚಿತ್ತ ಅನ್ನುವ ಹಾಗೆ.

ಮಾರನೆಯ ದಿನ ಹೊರಡುವ ಮುಂಚೆ ಒಬ್ಬಳೇ ಗದ್ದೆಗೆ ಹೋಗಿ ನೋಡಿದೆ. ಹಚ್ಚಂಬಲಿ ಬಿದ್ದಲ್ಲಿ ಇರುವೆ ಮುತ್ತಿದ್ದವು. ಪೈರು ಹಸಿರಾಗಿಯೇ ಇತ್ತು. ಭೂಮಿಗೆ ಉಪ್ಪು ತಿಳಿಯಿತೋ ಇಲ್ಲವೋ, ಹೇಗೆ ಕೇಳುವುದು?

ಸೊರಬದ ಬಸ್ ಸ್ಟ್ಯಾಂಡಿಗೆ ಬಿಡಲು ಅಕ್ಕನೇ ಬಂದಳು. ಅಡಿಕೆ ಮೂಟೆಗಳ ಪಕ್ಕ ನಿಂತು, "ನಾನು ಎರಡು ಸಲ ಹಾಕಿದ್ನೇನೇ? ನೆನಪೇ ಆಗವಲ್ದು" ಅಂದಳು. ಶಿಕಾರಿಪುರದ ಬಸ್ಸು ಬಂತು. ನಾನು ಹತ್ತಿದೆ.

ಆ ಸಲ ಗದ್ದೆ ಚೆನ್ನಾಗಿಯೇ ಬಂತು. ಆದರೂ ಸೌಟು ಮತ್ತೆ ಅಕ್ಕನ ಕೈಗೆ ಬರಲಿಲ್ಲ. ಅವಳಿಗೆ ಬೇಡವೂ ಆಗಿತ್ತು. ದಿನದ ಸಾರಿಗೂ ಉಪ್ಪು ಕಡಿಮೆ ಹಾಕತೊಡಗಿದಳು. ನೆಂಟರು ಉಪ್ಪಿನ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡೇ ಉಣ್ಣಲು ಕೂತು ನಗುತ್ತಿದ್ದರು. ನಾನೂ ಅವರೊಳಗೊಬ್ಬಳಾಗಿ ಉಪ್ಪು ಉದುರಿಸಿಕೊಂಡಿದ್ದೇನೆ.

ನನಗೂ ಮದುವೆಯಾಯಿತು, ತಾಳಗುಂದದ ಹತ್ತಿರ. ದಶಕ ಮುಗಿಯುತ್ತಾ ಬಂದಿದ್ದ ಒಂದು ಭೂಮಿ ಹುಣ್ಣಿಮೆಗೆ ಅಕ್ಕನಿಂದ ಕರೆ ಬಂತು. ಅವಳ ಅತ್ತೆ ಜಾರಿ ಬಿದ್ದು ಕೈ ಉಳುಕಿಸಿಕೊಂಡಿದ್ದರು. ಸೌಟು ಹಿಡಿಯಲು ಬೇರೆ ಯಾರೂ ಇರಲಿಲ್ಲ. ಹೋದೆ, ಅದೇ ಜಾಗದಲ್ಲಿ ಸೌತೆಕಾಯಿ ತುರಿಯಲು ಕೂತೆ. ಅತ್ತೆ ಕೈಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿದ್ದರು.

ಸೊಪ್ಪು ಬೆಂದಿತು. ಅಕ್ಕ ಮುಷ್ಟಿಯಲ್ಲಿ ಉಪ್ಪು ಹಿಡಿದಳು, ಹಾಕಲಿಲ್ಲ. ಮರಿಗೆಗೆ ಸುರಿದು ಮತ್ತೆ ತುಂಬಿಕೊಂಡಳು.

"ಆಗ್ಲೇ ಹಾಕಿದ್ನಾ ನಾನು?" ಅಂತ ನನ್ನನ್ನು ಕೇಳಿದಳು. "ನೀ ನೋಡಿದ್ಯಾ?"

"ಇಲ್ಲ, ಹಾಕಿಲ್ಲ. ಹಾಕು."

"ಖರೇನಾ? ನನ್ ಕೈ ನಂಗೇ ನಂಬಿಕಿಲ್ಲ ಕಣೇ."

ತುರಿಯುವ ಮಣೆ ಪಕ್ಕಕ್ಕಿಟ್ಟೆ. ಅತ್ತೆಗೂ ಕೇಳಿಸಲಿ ಅಂತ ದೊಡ್ಡ ದನಿಯಲ್ಲೇ ಹೇಳಿದೆ.

"ಅವತ್ತೂ ನೀ ಒಂದೇ ಮುಷ್ಟಿ ಹಾಕಿದ್ದಿ ಅಕ್ಕ. ಇನ್ನೊಂದು ನಂದು. ನೀ ನೀರಿಗೆ ಹೋದಾಗ ಮಡಕಿ ಮುಟ್ಟಿ ಹಾಕಿದ್ದೆ. ನೀ ಹಾಕೋದನ್ನೂ ನೋಡಿದ್ದೆ, ಬಾಯಿ ಬಿಡಲಿಲ್ಲ. ನಿನ್ನ ಕೈ ಯಾವತ್ತೂ ತಪ್ಪಿಲ್ಲ. ನಂದು ತಪ್ಪಾತು ಅಕ್ಕ, ದೊಡ್ಡ ತಪ್ಪಾತು."