ಅವ್ವನ ಎಡೆಗೆ ಟರ್ಕಿ ಕೋಳಿ

ಬೆಣ್ಣೆಯಲ್ಲಿ ಕರಿಮೆಣಸು ಬಿಸಿಯಾಗುವ ವಾಸನೆ ಎಲ್ಲಿಂದಲಾದರೂ ಬಂದರೆ ನಾನು ಇಂದಿಗೂ ನಿಂತಲ್ಲೇ ನಿಂತುಬಿಡುತ್ತೇನೆ. ಅದನ್ನು ದುಃಖ ಎನ್ನಲಾರೆ. ಜೋಮು ಹಿಡಿದ ಕಾಲು ನಮ್ಮದಲ್ಲ ಅನಿಸುತ್ತದಲ್ಲ, ಹಾಗೆ. ಹುಬ್ಬಳ್ಳಿಯ ರೈಲ್ವೆ ಬಂಗಲೆಯೊಂದರ ಹಿತ್ತಲಿನ ಎರಡು ಕೋಣೆ ನಮ್ಮ ಮನೆ. ಅಪ್ಪ ಬಂಗಲೆಯ ಅಡುಗೆಯವನು. ಪ್ರತಿ ಕ್ರಿಸ್‌ಮಸ್‌ಗೆ ಅಲ್ಲಿನ ಆಂಗ್ಲೋ-ಇಂಡಿಯನ್ ಸಾಹೇಬರ ಮನೆಯವರಿಗಾಗಿ ಒಂದು ಟರ್ಕಿ ಕೋಳಿಯನ್ನು ಇಡಿಯಾಗಿ ಬೇಯಿಸುತ್ತಿದ್ದ. ಅದರ ಘಮ ನಮ್ಮ ಬಾಗಿಲ ತನಕ ಬರುತ್ತಿತ್ತು, ಕೋಳಿ ಬರುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ, “ಅದರ ರುಚಿ ಹೆಂಗಿರತೈತ್ರಿ?” ಎಂದು ಕೇಳುತ್ತಿದ್ದಳು. “ಒಂದ ವರ್ಷ ನಿನಗೂ ತಿನಸ್ತೇನಿ, ತಡಿ” ಎನ್ನುತ್ತಿದ್ದ ಅಪ್ಪ.

ನನಗೆ ಹತ್ತು ವರ್ಷವಾದಾಗ, ಅರವತ್ತರ ದಶಕದ ನಡುವಿನಲ್ಲಿ, ಸಾಹೇಬರು ನೌಕರಿ ಬಿಟ್ಟು ಕುಟುಂಬದೊಂದಿಗೆ ಆಸ್ಟ್ರೇಲಿಯಾಕ್ಕೆ ಹೊರಟರು. ಹಬ್ಬಕ್ಕೆಂದು ಸಾಕಿದ್ದ ಟರ್ಕಿಯನ್ನು ಅಪ್ಪನಿಗೇ ಬಿಟ್ಟರು. ಅವ್ವ ಅದಕ್ಕೆ ದಿನವೂ ಜೋಳದ ನುಚ್ಚು ಹಾಕಿದಳು. ದೀಪಾವಳಿ ಮುಗಿದ ವಾರ ಅವಳಿಗೆ ಜ್ವರ ಬಂತು. ನಾಲ್ಕನೇ ದಿನ ಹೋಗಿಬಿಟ್ಟಳು. ಅಪ್ಪ ಅಳಲಿಲ್ಲ, ನಾನೂ ಅಳಲಿಲ್ಲ. ಬಂದವರು ಅತ್ತರು, ನಾವು ಅವರಿಗೆ ಕುಡಿಯಲು ನೀರು ಕೊಟ್ಟೆವು.

ತೀರಿಹೋದವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವುದು ನಮ್ಮಲ್ಲಿ ವಾಡಿಕೆ. ಅವ್ವನ ತಿಂಗಳ ಎಡೆಯ ದಿನ ಬೆಳಿಗ್ಗೆ ಅಪ್ಪ ಟರ್ಕಿಯನ್ನು ಕೊಯ್ದು, ಪುಕ್ಕ ಕಿತ್ತು, ತೊಳೆಯಲು ಕೂತ. ನನ್ನನ್ನು ನೋಡಿಕೊಳ್ಳಲು ಗೋಪನಕೊಪ್ಪದಿಂದ ಬಂದಿದ್ದ ಆಯಿ, ಅವ್ವನ ತಾಯಿ, ಹೊಸ್ತಿಲಲ್ಲಿ ನಿಂತು ನೋಡಿದಳು.

“ಆಕಿ ಇದನ್ನ ಒಂದ ದಿನಾನೂ ಬಾಯಾಗ ಇಟ್ಟಾಕಿ ಅಲ್ಲ. ಆಕಿಗೆ ಸೇರತೈತಿ ಅಂತ ಹೆಂಗ ಗೊತ್ತು?”

“ಗೊತ್ತಿಲ್ರಿ ಅತ್ತಿ. ಅದಕ್ಕ ಮಾಡಾಕತ್ತೇನಿ.”

ಅಪ್ಪ ಮೆಣಸು, ಬೆಳ್ಳುಳ್ಳಿ, ಶುಂಠಿ ಕುಟ್ಟಿ ಬೆಣ್ಣೆಯಲ್ಲಿ ಕಲೆಸಿದ. ಎದೆಯ ಮೇಲಿನ ಚರ್ಮದ ಕೆಳಗೆ ಬೆರಳು ತೂರಿಸಿ, ಮೆಲ್ಲಗೆ ಬಿಡಿಸಿ, ಒಳಗೆಲ್ಲ ಆ ಬೆಣ್ಣೆ ಸವರಿದ. “ಚರ್ಮ ಹರೀಬಾರದು. ಹರಿದ್ರ ರಸ ಎಲ್ಲಾ ಸೋರಿ ಹೋಗತೈತಿ” ಎಂದ, ಯಾರಿಗೂ ಅಲ್ಲದಂತೆ. ಹೊಟ್ಟೆಯೊಳಗೆ ಬ್ರೆಡ್ಡಿನ ಪುಡಿ, ಹುರಿದ ಉಳ್ಳಾಗಡ್ಡಿ, ಅದರದೇ ಲಿವರಿನ ಚೂರು ತುಂಬಿದ. ನಾನು ಎರಡು ಕಾಲು ಕೂಡಿಸಿ ಹಿಡಿದೆ, ಅವನು ಸುತಳಿಯಿಂದ ಬಿಗಿದ. ಬಂಗಲೆಯ ಅಡುಗೆಮನೆಗೆ ಬೀಗ ಬಿದ್ದಿತ್ತು. ದೊಡ್ಡ ತಟ್ಟೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ದುರ್ಗದಬೈಲಿನ ಪರಿಚಯದ ಬೇಕರಿಗೆ ಹೋದೆವು. ಬ್ರೆಡ್ ತೆಗೆದ ಭಟ್ಟಿಯಲ್ಲಿ ಮೂರು ತಾಸು ಅದು ಬೆಂದಿತು. ನಡುನಡುವೆ ಅಪ್ಪ ಹೊರಗೆಳೆದು, ತಟ್ಟೆಯಲ್ಲಿ ಇಳಿದ ರಸವನ್ನು ಸೌಟಿನಿಂದ ಅದರ ಮೇಲೇ ಹೊಯ್ಯುತ್ತಿದ್ದ. ಹೊಂಬಣ್ಣ ಬಂತು. ಬೇಕರಿಯ ಕೆಲಸದವರು ಕೈಗೆಲಸ ಬಿಟ್ಟು ಬಂದು ನೋಡಿದರು. ನನಗೆ ಏನೂ ಅನಿಸಲಿಲ್ಲ.

ಮಧ್ಯಾಹ್ನ ಅವ್ವನ ಸೀರೆಯ ಮುಂದೆ ರೊಟ್ಟಿಯ ಜೊತೆ ಇಡೀ ಹಕ್ಕಿಯನ್ನು ಇಟ್ಟು, ಊದಿನಕಡ್ಡಿ ಹಚ್ಚಿ, ಅವ್ವ ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ಆಮೇಲೆ ಅಪ್ಪ ಸಾಹೇಬರಿಗೆ ಕೊಯ್ಯುತ್ತಿದ್ದ ಹಾಗೆಯೇ ತೆಳ್ಳಗೆ ಕೊಯ್ದು ನಮಗೆ ಬಡಿಸಿದ. ಮಾಂಸ ಮೆತ್ತಗಿತ್ತು. ರುಚಿ ಇರಲಿಲ್ಲ. ಅವ್ವ ಹೋದಾಗಿನಿಂದ ಯಾವ ಊಟವೂ ಹಾಗೇ ಇದ್ದುದರಿಂದ ನಾನು ಸುಮ್ಮನೆ ಅಗಿದೆ. ಕೊನೆಗೆ ಅಪ್ಪ ಒಂದು ಚೂರು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದ.

“ಉಪ್ಪು ಹಾಕೇ ಇಲ್ಲ ನಾ.”

ಎಡೆಯ ಅಡುಗೆಯ ರುಚಿ ಮೊದಲೇ ನೋಡುವಂತಿಲ್ಲ. ಬೆಳಗಿನಿಂದ ಪಕ್ಕದಲ್ಲೇ ಕೂತಿದ್ದ ನನಗೂ ಉಪ್ಪು ಹಾಕದ್ದು ಹೊಳೆದಿರಲಿಲ್ಲ. ಆಯಿ ತಲೆ ಎತ್ತದೆ, “ಉಪ್ಪ ಬೇಕಾದಷ್ಟ ಐತಿ. ಉಣ್ಣಪಾ” ಎಂದಳು.

ಅಪ್ಪ ಆಮೇಲೆ ಧಾರವಾಡದ ಹಾಸ್ಟೆಲೊಂದರ ಅಡುಗೆಗೆ ಸೇರಿದ. ಇಡೀ ಹಕ್ಕಿಯನ್ನು ಮತ್ತೆಂದೂ ಬೇಯಿಸಲಿಲ್ಲ. ಈಗ ಅವನಿಲ್ಲ, ಆಯಿಯಿಲ್ಲ, ಆ ಹಿತ್ತಲೂ ಇಲ್ಲ. ನಿಮಗೂ ಅಂಥದೊಂದು ಊಟ ನೆನಪಿದ್ದೀತು. ಅವತ್ತು ನಾವು ಮೂವರೂ ತಟ್ಟೆ ಖಾಲಿ ಮಾಡಿಯೇ ಎದ್ದೆವು. ಉಪ್ಪಿನ ಗಡಿಗೆ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಯಾರೂ ಕೈ ಚಾಚಲಿಲ್ಲ.