ಬಾಗಿಲು ತೆರೆದು ಚಿನ್ನ ಕರಗಿಸಿದವರು

ಊದುಗೊಳವೆ ಊದಿ ಊದಿ ಅವರ ಎರಡೂ ಕೆನ್ನೆ ಖಾಲಿ ಚೀಲದಂತೆ ಜೋತುಬಿದ್ದಿದ್ದವು. ಯಾರನ್ನಾದರೂ ಕಂಡು ಹೇಸಿಗೆಯಾದರೆ ಆ ಕೆನ್ನೆ ಉಬ್ಬಿ, ಬಾಯಲ್ಲಿದ್ದ ಎಲೆಯಡಿಕೆ ಪಕ್ಕದ ಮೋರಿಗೆ ಬೀಳುತ್ತಿತ್ತು. ಪಾಂಡವಪುರದ ಆಸುಪಾಸಿನ ನಮ್ಮೂರಿನಲ್ಲಿ ಆ ಮೋರಿಗೆ ಬಿಡುವೇ ಇರಲಿಲ್ಲ. ಅವರು ನಮ್ಮ ಎದುರು ಮನೆಯ ಅಕ್ಕಸಾಲಿ, ಊರಿಗೆಲ್ಲ ಆಚಾರ್ರು.

ಅವರದೊಂದು ನೇಮ. ಚಿನ್ನ ಕೊಟ್ಟವರನ್ನು ಎದುರಿಗೇ ಮಣೆ ಹಾಕಿ ಕೂರಿಸಿ, ಬೀದಿ ಬಾಗಿಲು ತೆರೆದಿಟ್ಟೇ ಕರಗಿಸುತ್ತಿದ್ದರು. ಒಡವೆಯವರು ನೀರು ಕುಡಿಯಲು ಎದ್ದರೂ ಊದುವುದು ನಿಲ್ಲುತ್ತಿತ್ತು. "ಅಕ್ಕಸಾಲಿ ಅಕ್ಕನ ಚಿನ್ನಾನೂ ಬುಡಲ್ಲ ಅಂತ ಗಾದೆ ಕಟ್ಟವ್ರೆ ಕಣವ್ವ. ಅದ್ಕೇ ನೋಡ್ಕಳಿ ಅಂತೀನಿ," ಎಂದು ನಮ್ಮವ್ವನಿಗೆ ಹೇಳುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮೂರ ಸರ್ಕಾರಿ ಶಾಲೆ ನಾಲೆಯಾಚೆಯ ಹೊಸ ಕಟ್ಟಡಕ್ಕೆ ಹೋಯಿತು. ಬೀದಿ ತುದಿಯ ಹಳೇ ಕಟ್ಟಡವನ್ನು ರಿಪೇರಿ ಮಾಡಿಸಿ ಹೆಣ್ಣುಮಕ್ಕಳ ಜೂನಿಯರ್ ಕಾಲೇಜಿಗೆ ಕೊಡುತ್ತೇವೆಂದು ಪಂಚಾಯ್ತಿ ಅಧ್ಯಕ್ಷರು ಮೈಕಿನಲ್ಲಿ ಕೂಗಿದರು. ನಾನಾಗ ಎಸ್ಸೆಸ್ಸೆಲ್ಸಿ. ಊರಲ್ಲೇ ಕಾಲೇಜಾದರೆ ಓದು, ಬಸ್ಸು ಹತ್ತಿ ಹೋಗುವ ಓದು ಹೆಣ್ಣಿಗೆ ಬೇಡ ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದ. ನನ್ನ ಓರಗೆಯ ಹುಡುಗಿಯರ ಮನೆಗಳಲ್ಲೂ ಇದೇ ಮಾತು.

ಕಟ್ಟಡದ ಸುತ್ತ ತಗಡು ಎದ್ದಿತು. ಒಳಗಿನ ತೇಗದ ತೊಲೆಗಳು ಟ್ರಾಕ್ಟರು ಹತ್ತಿ ಎಲ್ಲಿಗೋ ಹೋದವು. ನಕ್ಷೆ ಎಲ್ಲಿ, ಗುತ್ತಿಗೆ ಯಾರಿಗೆ ಎಂದು ಕೇಳಿದರೆ ಅಧ್ಯಕ್ಷರದು ಒಂದೇ ಉತ್ತರ: ಕೆಲಸ ಮುಗಿಯಲಿ, ಆಮೇಲೆ ನೋಡೀರಂತೆ. ಊರ ಗಂಡಸರು ಸಭೆಯಲ್ಲಿ ಕಾಫಿ ಕುಡಿದು ತಲೆಯಾಡಿಸಿ ಎದ್ದು ಬಂದರು. ಹಸು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುವ ಜನ, ತಮ್ಮದೇ ಶಾಲೆಯ ತಗಡು ಸರಿಸಿ ಒಳಗೆ ಇಣುಕಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅಧ್ಯಕ್ಷರು ಮಗಳ ಮದುವೆಗೆಂದು ತಮ್ಮ ತಾಯಿಯ ಕಾಸಿನ ಸರವನ್ನು ಕರಗಿಸಲು ತಂದರು. ನಾನೂ ಅವ್ವನೂ ಓಲೆಯ ತಿರುಪು ಸರಿಮಾಡಿಸಲು ಅಲ್ಲೇ ಕೂತಿದ್ದೆವು. ಆಚಾರ್ರು ಸರ ಇಸಿದುಕೊಂಡು, ಅಧ್ಯಕ್ಷರ ಜೊತೆ ನಮ್ಮನ್ನೂ ಜಗುಲಿಗೆ ಕಳಿಸಿ, ಯಾವತ್ತೂ ಹಾಕದ ಬೀದಿ ಬಾಗಿಲು ಹಾಕಿ ಅಗುಳಿ ಜಡಿದರು. ಬಾಗಿಲು ಬಡಿಯುವ ಸದ್ದಿಗೆ ಬೀದಿಯೇ ಸೇರಿತು. ಇದೇನು ಹಗಲುಗಳ್ಳತನ ಎಂದು ಅಧ್ಯಕ್ಷರು ಅರಚಿದರು.

"ಕೆಲ್ಸ ಮುಗೀಲಿ ಬುಡಿ ಅಧ್ಯಕ್ಷರೇ, ಆಮ್ಯಾಕೆ ನೋಡೀರಂತೆ," ಎಂದರು ಆಚಾರ್ರು ಒಳಗಿನಿಂದ.

ಜನ ನಕ್ಕರು. ಬಾಗಿಲು ತೆರೆದಾಗ ಸರ ಇದ್ದ ಹಾಗೇ ಇತ್ತು. ಆಚಾರ್ರು ಬೆಂಕಿಯನ್ನೇ ಹೊತ್ತಿಸಿರಲಿಲ್ಲ. ಸರವನ್ನು ಅಧ್ಯಕ್ಷರ ಕೈಗೆ ಹಾಕಿ, "ನಿಮ್ಮವ್ವನ ಸರ ಒಂದ್ಗಳಿಗೆ ಕಣ್ಮರೆ ಆಗಿದ್ಕೇ ಜೀವ ಹೋಯ್ತಲ್ಲ. ಇಸ್ಕೂಲು ಊರೋರ ಸೊತ್ತು ಕಣಣ್ಣ, ಆ ತಗಡು ತೆಗ್ಸು," ಎಂದರು.

ತಗಡು ತೆಗೆಯಲಿಲ್ಲ. ನಕ್ಕವರು ನಕ್ಕು ಮನೆಗೆ ಹೋದರು, ಅಷ್ಟೇ ಅವರ ಗಂಡಸುತನ. ಗ್ರಾಮದೇವತೆಯ ಬೆಳ್ಳಿ ಮುಖವಾಡದ ಕೆಲಸ ಅಧ್ಯಕ್ಷರ ಮಾತಿನಿಂದ ಆಚಾರ್ರ ಕೈತಪ್ಪಿ ಮೈಸೂರಿನವರಿಗೆ ಹೋಯಿತು. ನಮ್ಮ ರಿಸಲ್ಟು ಬಂದ ವಾರ ತಗಡು ಬಿಚ್ಚಿದರು. ಕಾಲೇಜಿನ ಬದಲು ಸಾಲು ಮಳಿಗೆಗಳು; ಮೊದಲನೆಯದೇ ಅಧ್ಯಕ್ಷರ ಭಾವಮೈದುನನ ಬ್ರಾಂದಿ ಅಂಗಡಿ.

ಅವತ್ತು ಸಂಜೆ ಆಚಾರ್ರು ನಮ್ಮ ಮನೆಗೆ ಬಂದರು. ಅಪ್ಪ ಚಾಪೆ ಹಾಸಿದರೂ ಕೂರಲಿಲ್ಲ. "ಅವ್ನು ಊರ್ನ ಕಟ್ಟಡ ನುಂಗ್ದ. ನೀನು ಮಗಳ ಓದು ನುಂಗ್ಬ್ಯಾಡ ಕಣ್ಲಾ. ಪಾಂಡವಪುರದ ಬಸ್ ಅತ್ಸು," ಎಂದಷ್ಟೇ ಹೇಳಿ ಹೊರಟರು. ಅಪ್ಪನಿಗೆ ಹಾಗೆ ಹೇಳುವ ಎದೆ ಬೇರೆ ಯಾರಿಗೂ ಇರಲಿಲ್ಲ. ಅಪ್ಪ ಕೆಲವು ದಿನ ಮುಖ ಗಂಟು ಹಾಕಿಕೊಂಡಿದ್ದು, ಕೊನೆಗೆ ಬಸ್ ಪಾಸಿಗೆ ಫೋಟೋ ತೆಗೆಸಿಕೋ ಎಂದ.

ನಾನು ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದಾಗ ಆಚಾರ್ರು ತೀರಿಕೊಂಡರು. ನಾನು ಬರುವಷ್ಟರಲ್ಲಿ ಅಧ್ಯಕ್ಷರು ಹಾರ ಹಿಡಿದು ಹೆಣದ ಮುಂದೆ ನಿಂತಿದ್ದರು. ನಾಚಿಕೆ ಎಂಬುದು ಆ ಮುಖಕ್ಕೆ ಯಾವತ್ತೂ ಅಂಟಿದ್ದಲ್ಲ. ನನ್ನತ್ತ ಕೈ ತೋರಿ, ನಮ್ಮೂರ ಹೆಣ್ಣುಮಕ್ಕಳು ಡಿಗ್ರಿ ಓದುತ್ತಿದ್ದಾರೆ, ಪಂಚಾಯ್ತಿಗೇ ಹೆಮ್ಮೆ ಎಂದು ಪಕ್ಕದವರಿಗೆ ಹೇಳಿದರು. ನನ್ನ ಓರಗೆಯವರೂ ಅಲ್ಲಿದ್ದರು, ಕಂಕುಳಲ್ಲಿ ಕೂಸು ಹೊತ್ತು. ಹತ್ತನೆಯ ತರಗತಿ ದಾಟಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.

"ಹೆಣ್ಮಕ್ಳಲ್ಲ ಅಧ್ಯಕ್ಷರೇ, ಒಬ್ಳು," ಎಂದೆ. "ಓದ್ಸಿದೋರು ಇಲ್ಲಿ ಮಲಗವ್ರೆ."