ಕಾಸಾಬ್ಲಾಂಕಾದ ಪೇಟೆಯಲ್ಲಿ ಒಂದು ಶಾಲು

ನಾನು ಚಿಕ್ಕವನಿದ್ದಾಗ, ಅಮ್ಮ ತೀರಿಕೊಂಡ ವರ್ಷವೇ, ಮೊದಲ ಸಲ ಹೊರದೇಶ ನೋಡಿದೆ. ನನಗಾಗ ಎಂಟು ವರ್ಷ, ಅಕ್ಕನಿಗೆ ಹದಿಮೂರು. ಅಪ್ಪ ಸರಕು ಹಡಗಿನಲ್ಲಿ ಎಂಜಿನಿಯರ್ ಆಗಿದ್ದರು. ಮಂಗಳೂರಿನ ಮನೆಯಲ್ಲಿ ನಮ್ಮಿಬ್ಬರನ್ನೇ ಬಿಟ್ಟು ಹೋಗಲು ಮನಸ್ಸಾಗದೆ, ಕ್ಯಾಪ್ಟನರನ್ನು ಕೇಳಿಕೊಂಡು ನಮ್ಮನ್ನೂ ಹಡಗು ಹತ್ತಿಸಿದರು. ಮಕ್ಕಳೇ, ನೀವು ಇಲ್ಲಿ ಅಮೆರಿಕದ ಸ್ಯಾನ್ ಪೀಡ್ರೊ ಬಂದರಿನಲ್ಲಿ ನೋಡುವ, ಬಣ್ಣದ ಪೆಟ್ಟಿಗೆಗಳನ್ನು ಪೇರಿಸಿದ ದೈತ್ಯ ಹಡಗಲ್ಲ ಅದು. ತುಕ್ಕು ಹಿಡಿದ, ಎಣ್ಣೆ ವಾಸನೆಯ ಹಳೆಯ ಹಡಗು. ಗೊಬ್ಬರಕ್ಕೆ ಬೇಕಾದ ಕಲ್ಲುಪುಡಿ ತರಲು ಮೊರಾಕ್ಕೊ ದೇಶಕ್ಕೆ ಹೊರಟಿತ್ತು.

ಕಾಸಾಬ್ಲಾಂಕಾ ಬಂದರಿಗೆ ಬಂದ ಬೆಳಿಗ್ಗೆ ಅಪ್ಪ ನಮ್ಮನ್ನು ಹಳೆಯ ಪೇಟೆಗೆ ಕರೆದುಕೊಂಡು ಹೋದರು. ಇಬ್ಬರು ಎದುರುಬದುರಾದರೆ ಭುಜ ತಾಗುವಷ್ಟು ಸಣ್ಣ ಓಣಿಗಳು. ಮೇಲೆ ಚಾಪೆ ಹೊದಿಸಿದ್ದರಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಬೀಳುತ್ತಿತ್ತು. ಒಂದು ಕತ್ತೆ ತನಗಿಂತ ದೊಡ್ಡದಾದ ಪುದೀನ ಹೊರೆ ಹೊತ್ತು ನಡೆದಿತ್ತು. ಹಸಿರು, ಕಪ್ಪು, ನೇರಳೆ ಬಣ್ಣದ ಆಲಿವ್ ಕಾಯಿಗಳನ್ನು ಗುಡ್ಡೆ ಹಾಕಿದ್ದರು. ಎಲ್ಲಿಂದಲೋ ತಾಮ್ರ ಬಡಿಯುವ ಸದ್ದು, ಹದ ಮಾಡಿದ ಚರ್ಮದ ಘಾಟು. ಒಂದು ತಿರುವಿನಲ್ಲಿ ದೊಡ್ಡ ಬಾಣಲೆಯಲ್ಲಿ ಮೀನು ಕಾಯಿಸುತ್ತಿದ್ದರು.

"ನೋಡು ಮಾರಾಯ, ಬೂತಾಯಿ! ನಮ್ಮ ಬೂತಾಯಿ ಇಲ್ಲಿ ಸಹ ಉಂಟು!" ಎಂದರು ಅಪ್ಪ.

ಊರಿನಲ್ಲಿ ಆ ವಾಸನೆ ಬಂದರೆ ನಾನು ಆಟ ಬಿಟ್ಟು ಅಡುಗೆಮನೆಗೆ ಓಡುತ್ತಿದ್ದೆ. ಅಂದು ಬರಿದೇ ತಲೆಯಾಡಿಸಿದೆ. ಅಮ್ಮ ಹೋದಂದಿನಿಂದ ನನಗೆ ಎಲ್ಲವೂ ಹಾಗೇ ಆಗಿತ್ತು. ಈಜುಕೊಳದಲ್ಲಿ ಕಿವಿಗೆ ನೀರು ಹೊಕ್ಕರೆ ಪಕ್ಕದವರ ಮಾತೂ ದೂರದಿಂದ ಕೇಳಿಸುತ್ತದಲ್ಲ, ಹಾಗೆ. ಮನೆ ತುಂಬ ಜನ ಅತ್ತಾಗಲೂ ನಾನು ಅಳಲಿಲ್ಲ. "ಮಗುವಿಗೆ ಗೊತ್ತಾಗಲಿಲ್ಲ ಪಾಪ" ಎಂದು ಯಾರೋ ಅಂದರು. ನನಗೆ ಗೊತ್ತಾಗಿತ್ತು.

ಅಪ್ಪ ಒಂದು ಬಟ್ಟೆ ಅಂಗಡಿಯ ಮುಂದೆ ನಿಂತರು. ಉದ್ದನೆಯ ನಿಲುವಂಗಿ ತೊಟ್ಟ ಮುದುಕರೊಬ್ಬರು ಒಂದಾದ ಮೇಲೊಂದು ಶಾಲು ಬಿಡಿಸಿ ಹರವಿದರು. ಪ್ರತಿ ಸಲ ಊರಿಗೆ ಬರುವಾಗ ಅಪ್ಪ ಯಾವುದಾದರೂ ಬಂದರಿನಿಂದ ಅಮ್ಮನಿಗೆ ಏನಾದರೂ ತರುತ್ತಿದ್ದರು. ಈಗ ಅವರು ಕಡುನೀಲಿ ಉಣ್ಣೆಯ ಶಾಲೊಂದನ್ನು ಆರಿಸಿ, ಅಕ್ಕನ ಹೆಗಲ ಮೇಲೆ ಹೊದಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

"ಹೇಗುಂಟು? ಅಮ್ಮನಿಗೆ ಒಪ್ತದಲ್ಲ?"

ಹಾಗೆ ಅಂದ ಮೇಲಷ್ಟೇ ಅಪ್ಪನಿಗೆ ತಾವು ಏನಂದೆವೆಂದು ತಿಳಿಯಿತು. ಮುಖದ ನಗು ಹಾಗೆಯೇ ನಿಂತಿತ್ತು, ಕಣ್ಣು ಮಾತ್ರ ಬೇರೆಯಾಯಿತು. ಅಂಗಡಿಯ ಮುದುಕರು ಏನೂ ತಿಳಿಯದೆ ಇನ್ನೊಂದು ಶಾಲು ಬಿಡಿಸುತ್ತಿದ್ದರು.

"ಒಪ್ತದೆ ಅಪ್ಪ," ಅಂದಳು ಅಕ್ಕ. "ತೆಕ್ಕೊಳ್ಳುವ."

ಅಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುದುಕರಿಗೆ ನಮ್ಮ ಭಾಷೆ ಬಾರದು, ನಮಗೆ ಅವರದು. ಅವರು ಒಮ್ಮೆ ಅಪ್ಪನನ್ನು, ಒಮ್ಮೆ ನಮ್ಮಿಬ್ಬರನ್ನು ನೋಡಿದರು. ಆಮೇಲೆ ಎದ್ದು, ಓಣಿಯ ಜನರಿಗೆ ಕಾಣದಂತೆ ಒಂದು ದೊಡ್ಡ ಕಂಬಳಿಯನ್ನು ಬಾಗಿಲಿಗೆ ಅಡ್ಡ ತೂಗುಹಾಕಿದರು. ಒಳಗಿನಿಂದ ಪುದೀನ ಹಾಕಿದ ಬಿಸಿ ಚಹಾ ತಂದುಕೊಟ್ಟು, ತಾವೂ ಪಕ್ಕದಲ್ಲಿ ಕುಳಿತರು. ನಾನು ಅವರ ಹಳದಿ ಚಪ್ಪಲಿಗಳನ್ನೇ ನೋಡುತ್ತಿದ್ದೆ. ಈಗಲಾದರೂ ಅಳಬೇಕೆಂದು ತೊಡೆ ಚಿವುಟಿಕೊಂಡೆ. ನೋವಾಯಿತು, ಅಳು ಬರಲಿಲ್ಲ. ಆಗ ಹೆದರಿಕೆಯಾಯಿತು.

ಶಾಲು ಕೊಂಡು ಹಿಂದಿರುಗುವಾಗ ಅಕ್ಕನನ್ನು ಮೆಲ್ಲಗೆ ಕೇಳಿದೆ. "ಅಕ್ಕ, ನಂಗೆ ಅಳು ಬರುವುದೇ ಇಲ್ಲ. ನಂಗೆ ಅಮ್ಮನ ಮೇಲೆ ಪ್ರೀತಿ ಇರ್ಲಿಲ್ವಾ?"

ಅಕ್ಕ ನಿಂತಳು. "ಎಂತ ಮಾತಾಡ್ತೀ? ಅಳು ಬರುವಾಗ ಬರ್ತದೆ. ಬಾರದಿದ್ರೆ ಬೇಡ. ನೀನೀಗ ನನ್ನ ಕೈ ಗಟ್ಟಿ ಹಿಡ್ಕೋ, ಇಲ್ಲಿ ದಾರಿ ತಪ್ತದೆ."

ಬಂತು, ಬಹಳ ತಿಂಗಳ ಮೇಲೆ. ಶಾಲೆಯಲ್ಲಿ ಯಾರೋ ಎಳೆದಾಗ ನನ್ನ ಅಂಗಿಯ ಗುಂಡಿ ಕಿತ್ತುಹೋಯಿತು. ಅದನ್ನು ಹೊಲಿದುಕೊಡುವವರು ಯಾರು ಎಂದು ಹೊಳೆದದ್ದೇ ತಡ, ಬೆಂಚಿನ ಮೇಲೆ ತಲೆಯಿಟ್ಟು ಮನೆಗೆ ಬಿಡುವವರೆಗೂ ಅತ್ತೆ.

ಮಕ್ಕಳೇ, ನಿಮ್ಮದು ಬೇರೆಯೇ ಲೋಕ. ನಡೆಯಲು ಕಲಿಯುವ ಮೊದಲೇ ನೀವು ವಿಮಾನ ಹತ್ತಿದಿರಿ. ನಿಮಗೆ ಹೊರದೇಶವೆಂದರೆ ಮಂಗಳೂರು. ಪೇಟೆ ಎಂಬುದು ಟೊರೆನ್ಸ್‌ನ ನಮ್ಮ ಬಾಗಿಲಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಬಂದು ಕೂರುತ್ತದೆ. ನನ್ನ ಅಮ್ಮ ಹೋದಾಗ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊರೋನಾದ ವರ್ಷ ನಿಮ್ಮ ಅಜ್ಜಿ ಹೋದಾಗ ನಮ್ಮನ್ನು ಆಸ್ಪತ್ರೆಯ ಒಳಗೇ ಬಿಡಲಿಲ್ಲ. ಊಟದ ಮೇಜಿನ ಮೇಲೆ ಟ್ಯಾಬ್ಲೆಟ್ ಒರಗಿಸಿಟ್ಟು, ಅದರಲ್ಲೇ ಅಜ್ಜಿಗೆ ಕೈ ಬೀಸಿದಿರಿ. ಮರುದಿನ ನಿಮ್ಮಲ್ಲಿ ಚಿಕ್ಕವನು ನನ್ನ ಕೋಣೆಗೆ ಬಂದು ಕೇಳಿದ: "ಅಜ್ಜ, ಐ ಡಿಡಂಟ್ ಕ್ರೈ. ಈಸ್ ದಟ್ ಬ್ಯಾಡ್?"

"ಇಲ್ಲ ಮಗಾ," ಎಂದೆ. "ನಂಗೂ ಬರ್ಲಿಲ್ಲ."

ಆಮೇಲೆ ನಾವಿಬ್ಬರೂ ಹಿತ್ತಿಲಿಗೆ ಹೋದೆವು. ಅಜ್ಜಿಯ ಕರಿಬೇವಿನ ಕುಂಡದಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಆ ಗಡಿಬಿಡಿಯಲ್ಲಿ ಯಾರೂ ನೀರು ಹಾಕಿರಲಿಲ್ಲ. ಅವನು ಪೈಪು ಹಿಡಿದ, ನಾನು ನಲ್ಲಿ ತಿರುಗಿಸಿದೆ.